ಎಂಆರ್‌ಐ ಬದಲು ಸಿಟಿ ಸ್ಕ್ಯಾನ್ ಮಾಡಿಸಿದರೆ ಸಾಲದೇ?

62 ವರ್ಷದ ನಿಮ್ಮ ತಂದೆಯವರಿಗೆ ಸೊಂಟನೋವು ಎಡಗಾಲಿಗೆ ಇಳಿಯುತ್ತಿದೆ, ಎಕ್ಸ್‌ರೇ ನೋಡಿದ ವೈದ್ಯರು ಎಂಆರ್‌ಐ ಬರೆದುಕೊಟ್ಟಿದ್ದಾರೆ, ಕಡಿಮೆ ಖರ್ಚಿನ ಸಿಟಿ ಮಾಡಿಸಿದರೆ ಸಾಲದೇ ಎಂದು ಕೇಳಿದ್ದೀರಿ. ಸ್ಕ್ಯಾನಿಂಗ್ ವಿಭಾಗದಲ್ಲಿ ತಂತ್ರಜ್ಞನಾಗಿರುವ ನನಗೆ ಈ ಪ್ರಶ್ನೆ ಹೊಸದಲ್ಲ. ನಿಮ್ಮ ತಂದೆಯವರಿಗೆ ಎಂಆರ್‌ಐಯನ್ನೇ ಮಾಡಿಸಿರಿ.

ಎಕ್ಸ್‌ರೇ ಮತ್ತು ಸಿಟಿ ಎರಡಕ್ಕೂ ಆಧಾರ ಕ್ಷಕಿರಣವೇ. ಎಕ್ಸ್‌ರೇ ಒಂದು ನೆರಳುಚಿತ್ರವನ್ನಷ್ಟೇ ಕೊಡುತ್ತದೆ. ಸಿಟಿಯಲ್ಲಿ ಕಿರಣದ ಕೊಳವೆ ರೋಗಿಯ ಸುತ್ತ ತಿರುಗುತ್ತದೆ, ಹಲವು ಕೋನಗಳಿಂದ ಬಂದ ಅಳತೆಗಳನ್ನು ಕಂಪ್ಯೂಟರು ಕೂಡಿಸಿ ಸೌತೆಕಾಯಿಯ ಬಿಲ್ಲೆಗಳಂತೆ ದೇಹದ ಒಂದೊಂದು ಪದರವನ್ನೂ ತೋರಿಸುತ್ತದೆ. 1971ರಲ್ಲಿ ಲಂಡನ್ನಿನಲ್ಲಿ ಮೊದಲ ರೋಗಿಯ ಮೇಲೆ ಬಳಕೆಯಾದ ಈ ವಿಧಾನಕ್ಕೆ, ಅದನ್ನು ರೂಪಿಸಿದ ಹೌನ್ಸ್‌ಫೀಲ್ಡ್ ಮತ್ತು ಕಾರ್ಮ್ಯಾಕ್ 1979ರಲ್ಲಿ ನೊಬೆಲ್ ಪಡೆದರು. ಮೂಳೆ ಮುರಿತ, ಮೂತ್ರಪಿಂಡದ ಕಲ್ಲು, ತಲೆಯೊಳಗಿನ ಹೊಸ ರಕ್ತಸ್ರಾವಗಳಿಗೆ ಸಿಟಿಯೇ ಸರಿ. ಪಾರ್ಶ್ವವಾಯು ಬಡಿದವರಿಗೆ ಸಾಮಾನ್ಯವಾಗಿ ಮೊದಲು ಅದನ್ನೇ ಮಾಡುವುದು ಆ ಕಾರಣಕ್ಕೆ.

ಆದರೆ ನಿಮ್ಮ ವೈದ್ಯರಿಗೆ ತಿಳಿಯಬೇಕಾಗಿರುವುದು ನರದ ಮೇಲೆ ಏನು ಒತ್ತುತ್ತಿದೆ ಎಂಬುದು. ಎಂಆರ್‌ಐ ಬಲವಾದ ಅಯಸ್ಕಾಂತ ಮತ್ತು ರೇಡಿಯೋ ತರಂಗಗಳಿಂದ ದೇಹದ ನೀರು, ಕೊಬ್ಬಿನಲ್ಲಿರುವ ಜಲಜನಕದ ಸಂಕೇತವನ್ನು ಹಿಡಿಯುವುದರಿಂದ, ನೀರಾರಿದ ಡಿಸ್ಕ್ (ಬೆನ್ನೆಲುಬಿನ ಮೂಳೆಗಳ ನಡುವಿನ ಮೆತ್ತೆ), ಹೊರಚಾಚಿದ ಅದರ ತುಣುಕು, ಅದರಡಿ ಸಿಕ್ಕ ನರದ ಬೇರು ಬೇರೆಬೇರೆಯಾಗಿ ಕಾಣುತ್ತವೆ. ಸಿಟಿಯಲ್ಲೂ ಡಿಸ್ಕ್ ಕಂಡೀತು, ಇಷ್ಟು ನಿಚ್ಚಳವಾಗಿ ಅಲ್ಲ. ಸಿಟಿ ಮಾಡಿಸಿದವರು ಮತ್ತೆ ಎಂಆರ್‌ಐಗೆ ಬಂದು ಎರಡಕ್ಕೂ ಹಣ ಕಟ್ಟುವುದನ್ನು ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಖರ್ಚಿನ ಚಿಂತೆಯಿದ್ದರೆ ಜಿಲ್ಲಾ ಆಸ್ಪತ್ರೆಯಲ್ಲಿ ಅಥವಾ ಸರ್ಕಾರಿ ವೈದ್ಯಕೀಯ ಕಾಲೇಜಿನಲ್ಲಿ ಮೊದಲು ವಿಚಾರಿಸಿರಿ. ಅಲ್ಟ್ರಾಸೌಂಡ್ ಅಗ್ಗವಾದರೂ ಶಬ್ದತರಂಗ ಮೂಳೆಯನ್ನು ದಾಟದ ಕಾರಣ ಇಲ್ಲಿ ಉಪಯೋಗಕ್ಕೆ ಬಾರದು.

ತಂದೆಯವರಿಗೆ ಪೇಸ್‌ಮೇಕರ್, ಸ್ಟೆಂಟ್, ಮೆದುಳಿನ ಶಸ್ತ್ರಚಿಕಿತ್ಸೆಯ ಕ್ಲಿಪ್ ಇದ್ದರೆ, ಅಥವಾ ಅವರು ವೆಲ್ಡಿಂಗ್ ಕೆಲಸ ಮಾಡಿ ಕಣ್ಣಿಗೆ ಲೋಹದ ಚೂರು ಬಿದ್ದಿದ್ದರೆ, ದಿನ ಗೊತ್ತುಪಡಿಸುವಾಗಲೇ ಹೇಳಿ ಹಳೆಯ ಡಿಸ್ಚಾರ್ಜ್ ಪತ್ರ ತೋರಿಸಿರಿ. ಯಂತ್ರ ಸುಮ್ಮನಿದ್ದಾಗಲೂ ಅಯಸ್ಕಾಂತ ಎಳೆಯುತ್ತಲೇ ಇರುತ್ತದೆ. ಒಮ್ಮೆ ಹಿರಿಯರೊಬ್ಬರು ಕಿಸೆಯಲ್ಲಿದ್ದುದನ್ನೆಲ್ಲ ತೆಗೆದಿಟ್ಟರೂ ಉಡಿದಾರದ ತಾಯತವನ್ನು ಮರೆತಿದ್ದರು. ಕೋಣೆಯ ಬಾಗಿಲಲ್ಲಿ ಕೈಯಿಂದ ತಡವಿ ನೋಡಿದಾಗ ಅದು ನನ್ನ ಬೆರಳಿಗೆ ಸಿಕ್ಕಿತು. ಹೆಣ್ಣುಮಕ್ಕಳ ತಾಳಿಸರಕ್ಕೆ ಸಿಕ್ಕಿಸಿದ ಪಿನ್ನುಗಳದೂ ಇದೇ ಕಥೆ.

ಸುಮಾರು ಅರ್ಧ ಗಂಟೆ ಅಲುಗಾಡದೆ ಮಲಗಬೇಕು, ಸದ್ದು ಜೋರಾಗಿರುತ್ತದೆ. ಕಿವಿಗೆ ಮುಚ್ಚಿಕೊಳ್ಳಲು ಕೊಡುತ್ತೇವೆ, ಕೈಯಲ್ಲಿ ಕರೆಗಂಟೆ ಇರುತ್ತದೆ, ಮೊಣಕಾಲಡಿ ದಿಂಬಿಟ್ಟರೆ ಸೊಂಟಕ್ಕೆ ಆರಾಮ. ನೋವಿನಿಂದ ಮಲಗಲಾಗದಿದ್ದರೆ ಮುಂಚೆಯೇ ಮಾತ್ರೆಯ ಬಗ್ಗೆ ವೈದ್ಯರನ್ನು ಕೇಳಿರಿ.

ವರದಿಯಲ್ಲಿ ‘ಡಿಸ್ಕ್ ಬಲ್ಜ್’ (ಡಿಸ್ಕ್ ಉಬ್ಬಿದೆ) ಎಂದಿದ್ದರೆ ಗಾಬರಿ ಬೇಡ; ಈ ವಯಸ್ಸಿನಲ್ಲಿ ನೋವೇ ಇಲ್ಲದವರಲ್ಲೂ ಅದು ಸಾಮಾನ್ಯ. ನೋವಿನ ಜಾಗಕ್ಕೂ ಚಿತ್ರಕ್ಕೂ ತಾಳೆಯಾಗುತ್ತದೆಯೇ ಎಂದು ಪರೀಕ್ಷಿಸಿದ ವೈದ್ಯರೇ ಹೇಳಬೇಕು, ಆದ್ದರಿಂದ ವರದಿಯ ಜೊತೆ ಫಿಲ್ಮುಗಳನ್ನೂ ಒಯ್ಯಿರಿ. ಈ ನಡುವೆ ಮೂತ್ರ ಕಟ್ಟಿದರೆ, ತೊಡೆಸಂದಿಯ ಸುತ್ತ ಮರಗಟ್ಟಿದರೆ ಅಥವಾ ಪಾದ ಎತ್ತಲಾಗದಿದ್ದರೆ ಸ್ಕ್ಯಾನಿನ ದಿನಕ್ಕೆ ಕಾಯದೆ ಕೂಡಲೇ ತುರ್ತು ವಿಭಾಗಕ್ಕೆ ಕರೆದೊಯ್ಯಿರಿ.