ಹಡಗು ಹತ್ತದೆ ಸಮುದ್ರ ಸಂಶೋಧನೆ ಮಾಡಬಹುದಾ?

ಪ್ರಶ್ನೆ: ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸುತ್ತಿದ್ದೇನೆ. ಸಮುದ್ರ ವಿಜ್ಞಾನದಲ್ಲಿ ಪಿಎಚ್.ಡಿ. ಮಾಡುವ ಆಸೆ. ಆದರೆ ಜೀವಶಾಸ್ತ್ರ ಓದಿಲ್ಲ. ದೋಣಿ ಹತ್ತಿದರೆ ತಲೆ ಸುತ್ತುತ್ತದೆ. ನನಗೆ ಅವಕಾಶ ಇದೆಯೇ?

ಉತ್ತರ: ತಲೆ ಸುತ್ತುವ ವಿಷಯ ಮೊದಲು ಮುಗಿಸಿಬಿಡೋಣ. ಬೀಗಲ್ ಹಡಗಿನಲ್ಲಿ ಲೋಕ ಸುತ್ತಿದ ಡಾರ್ವಿನ್‌ಗೂ ಕಡಲ ಪಯಣ ಕೊನೆಯವರೆಗೂ ಒಗ್ಗಲಿಲ್ಲ. ನಿಮಗೆ ಅಷ್ಟು ಕಷ್ಟವೂ ಬೇಕಿಲ್ಲ.

ಸಮುದ್ರ ವಿಜ್ಞಾನ ಅಂದರೆ ಮೀನು, ಹವಳ ಮಾತ್ರ ಅಲ್ಲ. ಅಲೆ, ಪ್ರವಾಹ, ಶಾಖ ಎಲ್ಲ ಭೌತಶಾಸ್ತ್ರವೇ ಅಲ್ವಾ? ಹಸಿರುಮನೆ ಅನಿಲಗಳಿಂದ ಭೂಮಿಯಲ್ಲಿ ಉಳಿದುಕೊಂಡ ಹೆಚ್ಚುವರಿ ಶಾಖದಲ್ಲಿ ಸುಮಾರು 90% ಕಡಲಿಗೇ ಸೇರಿದೆ. ಅದು ಎಷ್ಟು ಆಳಕ್ಕೆ, ಯಾವ ದಾರಿಯಲ್ಲಿ ಇಳಿಯುತ್ತಿದೆ ಎಂದು ಲೆಕ್ಕ ಹಾಕಲು ನಿಮ್ಮಂಥವರೇ ಬೇಕು.

ಇವತ್ತೇ ಶುರು ಮಾಡಬಹುದು. ಆರ್ಗೋ ಎಂಬ ಯೋಜನೆಯ ಸುಮಾರು 4,000 ಫ್ಲೋಟ್‌ಗಳು, ಅಂದರೆ ತಾವಾಗಿಯೇ ಮುಳುಗಿ ಏಳುವ ಅಳತೆಯ ಉಪಕರಣಗಳು, ಜಗತ್ತಿನ ಕಡಲುಗಳಲ್ಲಿ ತೇಲುತ್ತಿವೆ. ಹೆಚ್ಚಿನವು 10 ದಿನಕ್ಕೊಮ್ಮೆ 2,000 ಮೀಟರ್ ಆಳಕ್ಕೆ ಇಳಿದು, ಮೇಲೆ ಬರುವಾಗ ನೀರಿನ ಉಷ್ಣತೆ, ಉಪ್ಪಿನಂಶ ಅಳೆಯುತ್ತವೆ. ಆ ದತ್ತಾಂಶ ಎಲ್ಲರಿಗೂ ಉಚಿತ. ಯಾವುದಾದರೂ ಒಂದು ಪುಟ್ಟ ಪ್ರದೇಶದ ಹತ್ತು ವರ್ಷದ ಅಂಕಿಗಳನ್ನು ಇಳಿಸಿಕೊಂಡು ಗ್ರಾಫ್ ಮಾಡಿ. ಎಲ್ಲೋ ಒಂದು ಕಡೆ ಗೆರೆ ವಿಚಿತ್ರವಾಗಿ ಬಾಗುತ್ತದೆ. ಯಾಕೆ ಅಂತ ತಲೆ ಕೆಡಿಸಿಕೊಳ್ಳಿ.

ಆ ಗ್ರಾಫ್ ಜೊತೆಗೇ ಗೈಡ್‌ಗೆ ಇಮೇಲ್ ಬರೆಯಿರಿ. ‘ಸಾಗರ ಎಂದರೆ ನನಗೆ ಬಾಲ್ಯದಿಂದ ಪ್ರೀತಿ’ ಎಂಬ ಪತ್ರಗಳು ನಮಗೆ ದಂಡಿಯಾಗಿ ಬರುತ್ತವೆ. ನಿಜ ಹೇಳಬೇಕೆಂದರೆ ಪೂರ್ತಿ ಓದುವುದೂ ಇಲ್ಲ. ಗ್ರಾಫ್ ಇದ್ದರೆ ಕಣ್ಣು ನಿಲ್ಲುತ್ತದೆ.

ಸಂಸ್ಥೆಯ ಹೆಸರಿಗೆ ಜಾಸ್ತಿ ಮರುಳಾಗಬೇಡಿ. ಅಮೆರಿಕದ ಸಮುದ್ರ ಸಂಶೋಧನಾ ಸಂಸ್ಥೆಗಳಲ್ಲಿ ಸ್ಕ್ರಿಪ್ಸ್ ದೊಡ್ಡ ಹೆಸರು. ಅಲ್ಲಿನದೇ ಇನ್ನೊಂದು ಸಂಸ್ಥೆ ವುಡ್ಸ್ ಹೋಲ್ ಮತ್ತು ಎಂಐಟಿ ವಿಶ್ವವಿದ್ಯಾಲಯ ಸೇರಿ 1968ರಿಂದ ಜಂಟಿ ಪಿಎಚ್.ಡಿ. ನಡೆಸುತ್ತಿವೆ. ಅರ್ಜಿ ಹಾಕಿ, ಬೇಡ ಅನ್ನುವುದಿಲ್ಲ. ಆದರೆ ನಾಲ್ಕೈದು ವರ್ಷ ನೀವು ದಿನಾ ಮುಖ ನೋಡಬೇಕಾದದ್ದು ಗೈಡ್‌ದು, ಕಟ್ಟಡದ್ದಲ್ಲ. ಅವರ ಹಳೆಯ ವಿದ್ಯಾರ್ಥಿಗಳನ್ನು ಮಾತಾಡಿಸಿ. ಎಷ್ಟು ವರ್ಷಕ್ಕೆ ಮುಗಿಸಿದರು, ಈಗ ಏನು ಮಾಡುತ್ತಿದ್ದಾರೆ ಎಂದು ಕೇಳಿ. ಪ್ರಾಜೆಕ್ಟ್‌ಗೆ ಹಡಗು ಬೇಕಿದ್ದರೆ ಇನ್ನೊಂದು ಪ್ರಶ್ನೆ ಮರೆಯಬೇಡಿ: ಹಡಗಿನ ದಿನಗಳು ಈಗಾಗಲೇ ಸಿಕ್ಕಿವೆಯಾ, ಯಾನ ಮುಂದಕ್ಕೆ ಹೋದರೆ ನನ್ನ ಥೀಸಿಸ್ ಗತಿ ಏನು? ಇದನ್ನು ಕೇಳದೆ ಎರಡು ವರ್ಷ ಸುಮ್ನೆ ಕಾದು ಕೂತವರನ್ನು ನೋಡಿದ್ದೇನೆ.

ಇನ್ನು ದುಡ್ಡು. ಯುರೋಪಿನ ಹಲವು ದೇಶಗಳಲ್ಲಿ ಪಿಎಚ್.ಡಿ. ಸ್ಥಾನ ಅಂದರೆ ಸಂಬಳದ ಕೆಲಸ. ಉದ್ಯೋಗದ ಜಾಹೀರಾತಿನ ಥರವೇ ಪ್ರಕಟವಾಗುತ್ತದೆ. ಅಮೆರಿಕದಲ್ಲಿ ಸಾಮಾನ್ಯವಾಗಿ ಅಸಿಸ್ಟೆಂಟ್‌ಶಿಪ್‌ನಿಂದ (ಪಾಠ ಅಥವಾ ಸಂಶೋಧನೆಗೆ ನೆರವಾಗುವ ಕೆಲಸ) ಫೀಸು, ಖರ್ಚು ಎರಡೂ ನಡೆಯುತ್ತವೆ. ಕೈಯಿಂದ ಹಣ ಹಾಕಿ ಮಾಡುವ ಪಿಎಚ್.ಡಿ.ಗೆ ಮಾತ್ರ ಒಪ್ಪಿಕೊಳ್ಳಬೇಡಿ.

ಮುಂದೆ ಯಾವಾಗಲಾದರೂ ಹಡಗಿನ ಆಸೆ ಹುಟ್ಟಿದರೆ, ಪೋಗೋ ಎಂಬ ಅಂತಾರಾಷ್ಟ್ರೀಯ ಒಕ್ಕೂಟ ಎಳೆಯ ಸಂಶೋಧಕರಿಗೆ ಹಡಗಿನ ಮೇಲೆ ತರಬೇತಿಗೆ ಫೆಲೋಶಿಪ್ ಕೊಡುತ್ತದೆ. ವಾಂತಿ ಮಾತ್ರೆ ಜೇಬಿನಲ್ಲಿರಲಿ.