ಎಚ್‌ಐವಿ, ಹೆಪಟೈಟಿಸ್ ಸಿ ಎರಡೂ ಇದ್ದು ಲಿವರ್ ಸಿರೋಸಿಸ್ (ಲಿವರ್ ಗಾಯದ ಕಲೆಗಳಿಂದ ಗಟ್ಟಿಯಾಗುವುದು) ಕೂಡ ಆಗಿದ್ದರೆ ಒಬ್ಬ ಡಾಕ್ಟರ್ ಸಾಕಾಗಲ್ವಾ?

ಸಾಕಾಗುವುದಿಲ್ಲ. ಮುಖ್ಯ ಕಾರಣ, ಒಂದು ಮಾತ್ರೆ ಇನ್ನೊಂದರ ಕೆಲಸ ಕೆಡಿಸುವುದು. ಸಿರೋಸಿಸ್ ಇದ್ದವರಿಗೆ ಹೆಪಟೈಟಿಸ್ ಸಿಗೆ ಸಾಮಾನ್ಯವಾಗಿ ಕೊಡುವುದು ಸೋಫೋಸ್‌ಬುವಿರ್-ವೆಲ್ಪಟಾಸ್ವಿರ್, ದಿನಕ್ಕೊಂದು, 12 ವಾರ. ಎಚ್‌ಐವಿಗೆ ಎಫಾವಿರೆಂಜ್ ತೆಗೆದುಕೊಳ್ಳುತ್ತಿದ್ದರೆ ರಕ್ತದಲ್ಲಿ ವೆಲ್ಪಟಾಸ್ವಿರ್ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಡೊಲುಟೆಗ್ರಾವಿರ್ ಆದರೆ ಈ ತೊಂದರೆ ಇಲ್ಲ. ಹಾಗಾಗಿ ಎಆರ್‌ಟಿ (ಎಚ್‌ಐವಿ ಚಿಕಿತ್ಸೆ) ಡಾಕ್ಟರ್ ಮೊದಲು ಎಚ್‌ಐವಿ ಮಾತ್ರೆ ಬದಲಿಸಬೇಕು, ಆಮೇಲೆ ಲಿವರ್ ಡಾಕ್ಟರ್ ಚಿಕಿತ್ಸೆ ಶುರು ಮಾಡಬೇಕು.

ಗ್ಯಾಸ್ಟ್ರಿಕ್ ಅಂತ ಸುಮ್ನೆ ಅಂಗಡಿಯಿಂದ ತಂದು ನುಂಗುವ ಒಮೆಪ್ರಜೋಲ್ ಕೂಡ ವೆಲ್ಪಟಾಸ್ವಿರ್ ಮೈಗೆ ಹಿಡಿಯದಂತೆ ಮಾಡುತ್ತದೆ. ರೋಗಿ ಇದನ್ನು ಡಾಕ್ಟರಿಗೆ ಹೇಳುವುದೇ ಕಡಿಮೆ. ಕೂತು ಮಾತಾಡಿಸುವ ಫಾರ್ಮಸಿಸ್ಟ್ ಅಥವಾ ಕೌನ್ಸೆಲರ್ ಹತ್ತಿರ ಹೊರಬರುತ್ತದೆ. ನನ್ನ ಪ್ರಕಾರ ತಂಡದಲ್ಲಿ ಅವರ ಪಾತ್ರವೇ ಜಾಸ್ತಿ.

ಹೊಟ್ಟೆಯಲ್ಲಿ ನೀರು ತುಂಬುವ ಹಂತಕ್ಕೆ ಬಂದಿದ್ದರೆ ರಿಬಾವಿರಿನ್ ಸೇರಿಸುತ್ತಾರೆ. ಅದು ಹಿಮೋಗ್ಲೋಬಿನ್ ಇಳಿಸುತ್ತದೆ, ಆಗಾಗ ರಕ್ತ ನೋಡಲೇಬೇಕು. ಹೆಪಟೈಟಿಸ್ ಬಿ ಇದೆಯಾ ಅಂತ ಶುರುವಿಗೆ ಮುಂಚೆಯೇ ಪರೀಕ್ಷಿಸಬೇಕು.

ಭಾರತದಲ್ಲಿ 2018ರಿಂದ ಸರ್ಕಾರಿ ಕಾರ್ಯಕ್ರಮದಲ್ಲಿ ಹೆಪಟೈಟಿಸ್ ಸಿ ಔಷಧಿ ಉಚಿತ. ಮಾತ್ರೆ ಮುಗಿದು 12 ವಾರಕ್ಕೆ ರಕ್ತದಲ್ಲಿ ವೈರಸ್ ಕಾಣದಿದ್ದರೆ ಹೆಪಟೈಟಿಸ್ ಸಿ ವಾಸಿಯಾದಂತೆ. ಆದರೆ ಸಿರೋಸಿಸ್ ಉಳಿದಿರುತ್ತದೆ. ಲಿವರ್ ಕ್ಯಾನ್ಸರ್ ಬಂದಿದೆಯಾ ಅಂತ 6 ತಿಂಗಳಿಗೊಮ್ಮೆ ಸ್ಕ್ಯಾನಿಂಗ್ ಮಾಡಿಸುತ್ತಿರಿ.