ಹಣೆ ಮಂಡಿಗೆ ತಾಗಲೇಬೇಕೆ?

ಪ್ರಶ್ನೆ: ನಮ್ಮೂರಿನ ಸಮುದಾಯ ಭವನದಲ್ಲಿ 4 ವರ್ಷಗಳಿಂದ ಬೆಳಗಿನ ಯೋಗ ತರಗತಿ ನಡೆಸುತ್ತಿದ್ದೇನೆ. ಬರುವವರಲ್ಲಿ ಹೆಚ್ಚಿನವರು ಅಡಿಕೆ ತೋಟದಲ್ಲಿ ದುಡಿಯುವವರು. ಕಾಲು ಚಾಚಿ ಕುಳಿತು ಮುಂದಕ್ಕೆ ಬಾಗುವ ಪಶ್ಚಿಮೋತ್ತಾನಾಸನದಲ್ಲಿ ಹಣೆ ಮಂಡಿಗೆ ತಾಗದವರ ಬೆನ್ನನ್ನು ಹಿಂದಿನಿಂದ ಮೆಲ್ಲಗೆ ಒತ್ತುವುದು ನಾನು ಕಲಿತ ಕ್ರಮ. ಕಳೆದ ತಿಂಗಳು ಹೀಗೆ ಒತ್ತಿದಾಗ ಸುಮಾರು 55 ವರ್ಷದ ಮಹಿಳೆಯೊಬ್ಬರಿಗೆ ಪೃಷ್ಠದ ಕೆಳಗೆ ಚುರ್ ಎಂದಿತು. ಕುಳಿತಾಗ ಈಗಲೂ ಅಲ್ಲಿ ನೋವಿದೆಯಂತೆ. ಅಂದಿನಿಂದ ಯಾರನ್ನೂ ಮುಟ್ಟಲು ಧೈರ್ಯ ಬರುತ್ತಿಲ್ಲ. ಭಂಗಿಯನ್ನು ತಿದ್ದುವುದು ಹೇಗೆ?
– ಯೋಗ ಶಿಕ್ಷಕ, ತೀರ್ಥಹಳ್ಳಿ

ಉತ್ತರ: ಮೊದಲು ಆ ಮಹಿಳೆಯ ವಿಚಾರ. ತೊಡೆಯ ಹಿಂಬದಿಯ ಸ್ನಾಯುಗಳು, ನಾವು ಕುಳಿತಾಗ ನೆಲಕ್ಕೆ ಊರುವ ಮೂಳೆಯಿಂದಲೇ ಹೊರಟು ಮಂಡಿಯ ಕೆಳಗೆ ಹೋಗಿ ಅಂಟಿಕೊಳ್ಳುತ್ತವೆ. ನೀವು ಹೇಳಿದ ಜಾಗದ ನೋವು ಆ ಸ್ನಾಯುಗಳ ಬುಡಕ್ಕೆ ಬಿದ್ದ ಪೆಟ್ಟಾಗಿರುವ ಸಂಭವವೇ ಹೆಚ್ಚು. ಎಳೆದು ಎಳೆದು ಸಡಿಲಿಸಿದರೆ ಸರಿಹೋಗುತ್ತದೆಂದು ಅದೇ ಆಸನವನ್ನು ಮಾಡಿಸಬೇಡಿ. ತಿಂಗಳಾದರೂ ನೋವು ಉಳಿದಿರುವುದರಿಂದ ಮೂಳೆ ತಜ್ಞರಿಗೆ ತೋರಿಸಲು ಹೇಳಿ. ಕಾಲಿನಲ್ಲಿ ಜೋಮು ಅಥವಾ ಬಲಹೀನತೆ ಇದ್ದರೆ ಒಂದು ದಿನವೂ ತಡಮಾಡುವಂತಿಲ್ಲ.

ಇನ್ನು ಒತ್ತುವ ಕ್ರಮ. ಸುಗ್ಗಿಯಲ್ಲಿ ಮೆಟ್ಟುಗತ್ತಿಯ ಮುಂದೆ ಗಂಟೆಗಟ್ಟಲೆ ಕುಳಿತು ಅಡಿಕೆ ಸುಲಿಯುವವರ ಬೆನ್ನು ಮೊದಲೇ ಬಾಗಿರುತ್ತದೆ, ತೊಡೆಯ ಹಿಂಭಾಗ ಬಿಗಿದಿರುತ್ತದೆ. ಅಂಥವರು ಕಾಲು ಚಾಚಿ ಕುಳಿತರೆ ಆ ಬಿಗಿತವೇ ಸೊಂಟವನ್ನು ಹಿಂದಕ್ಕೆ ಜಗ್ಗುವುದರಿಂದ, ಬಾಗುವ ಕೆಲಸವೆಲ್ಲ ಸೊಂಟದ ಕೀಲನ್ನು ಬಿಟ್ಟು ಕೆಳಬೆನ್ನಿನ ಪಾಲಿಗೆ ಬರುತ್ತದೆ. ಆಗ ಮೇಲಿನಿಂದ ಒತ್ತಿದ ಭಾರ ಒಂದೋ ಸ್ನಾಯುವಿನ ಬುಡಕ್ಕೆ, ಇಲ್ಲವೇ ಬೆನ್ನಿನ ಡಿಸ್ಕಿಗೆ ಬೀಳುತ್ತದೆ. ಮುಟ್ಟು ನಿಂತ ಹೆಂಗಸರಲ್ಲಿ ಮೂಳೆ ತೆಳುವಾಗಿದ್ದರೆ ಬೆನ್ನುಮೂಳೆ ಕುಸಿಯುವ ಅಪಾಯವೂ ಉಂಟು. ನೀವು ಮೆಲ್ಲಗೆ ಒತ್ತಿದಿರೋ ಜೋರಾಗಿ ಒತ್ತಿದಿರೋ ಎಂಬುದು ಇಲ್ಲಿ ಎರಡನೆಯ ಮಾತು. ಒತ್ತಬೇಕಾದ ಜಾಗವೇ ಅದಲ್ಲ.

ಬದಲಿಗೆ ಹೀಗೆ ಮಾಡಿಸಿ ನೋಡಿ. ಕಂಬಳಿಯನ್ನು ನಾಲ್ಕು ಮಡಿಕೆ ಮಾಡಿ, ಅದರ ಅಂಚಿನ ಮೇಲೆ ಕೂರಿಸಿ, ಮಂಡಿಗಳ ಕೆಳಗೆ ಸುತ್ತಿದ ಬೈರಾಸು ಇಡಿ. ಮಂಡಿ ತುಸು ಮಡಚಿದ್ದರೆ ತಪ್ಪೇನಿಲ್ಲ. ಆಮೇಲೆ ಅವರದೇ ಒಂದು ಕೈಯನ್ನು ಹಿಂದಕ್ಕೆ ಕೊಂಡೊಯ್ದು ಸೊಂಟದ ಮಧ್ಯೆ ಬೆರಳು ಇಟ್ಟುಕೊಳ್ಳಲು ಹೇಳಿ. ಮುಂದಕ್ಕೆ ಬಾಗುತ್ತಿದ್ದಂತೆ ಬೆನ್ನುಮೂಳೆಯ ಗಂಟುಗಳು ಬೆರಳಿಗೆ ಒಂದೊಂದಾಗಿ ಉಬ್ಬಿ ಸಿಕ್ಕತೊಡಗಿದರೆ ಅಲ್ಲಿಗೆ ಸಾಕು, ಅರ್ಧ ಅಂಗುಲ ಹಿಂದೆ ಬರಲಿ. ಹಣೆಯ ಚಿಂತೆ ಬಿಟ್ಟು ಹೊಟ್ಟೆಯನ್ನು ತೊಡೆಯ ಕಡೆಗೆ ಒಯ್ಯಲಿ. ನೀವು ಮುಟ್ಟದೆಯೇ ವಿದ್ಯಾರ್ಥಿಯೇ ತನ್ನನ್ನು ತಿದ್ದಿಕೊಳ್ಳುವ ಈ ದಾರಿ ಒಂದೆರಡು ವಾರದಲ್ಲಿ ರೂಢಿಯಾಗುತ್ತದೆ. ಕಂಬಳಿ, ಕುರ್ಚಿ ಕೈಲಾಗದವರಿಗೆ ಎಂಬ ಸಂಕೋಚ ಯಾರಿಗಾದರೂ ಇದ್ದರೆ, ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿದ ಯೋಗಗುರು ಬಿ.ಕೆ.ಎಸ್. ಅಯ್ಯಂಗಾರ್ ಅವರು ಹಗ್ಗ, ಕುರ್ಚಿ, ಮರದ ಇಟ್ಟಿಗೆಗಳನ್ನೇ ತಮ್ಮ ಬೋಧನೆಯ ಭಾಗವಾಗಿಸಿಕೊಂಡಿದ್ದರೆಂದು ತಿಳಿಸಿ.

ಮುಟ್ಟಲೇಬಾರದು ಎಂದೇನೂ ನಾನು ಹೇಳುವುದಿಲ್ಲ. ಎದುರಿಗೆ ಬಂದು, ಎಲ್ಲಿ ಮುಟ್ಟುತ್ತೇನೆಂದು ಹೇಳಿ, ಒಪ್ಪಿಗೆ ಪಡೆದು, ದಿಕ್ಕು ತೋರಿಸುವಷ್ಟು ಮಾತ್ರ ಮುಟ್ಟಬಹುದು. ಆದರೆ ನಮ್ಮ ಮಲೆನಾಡಿನವರ ದಾಕ್ಷಿಣ್ಯ ನಿಮಗೆ ಗೊತ್ತೇ ಇದೆ. ಶಿವಮೊಗ್ಗದ ನನ್ನ ತರಗತಿಯಲ್ಲಿ ನಿವೃತ್ತ ಮೇಷ್ಟ್ರೊಬ್ಬರು, ನಾನು ಭುಜ ಹಿಡಿದು ತಿರುಗಿಸಿದಾಗಲೆಲ್ಲ ಉಸಿರು ಬಿಗಿಹಿಡಿದು "ತೊಂದರೆ ಇಲ್ಲ ಬಿಡಿ" ಎನ್ನುತ್ತಿದ್ದರು; ಅವರ ಭುಜ ಬಹಳ ದಿನದಿಂದ ನೋಯುತ್ತಿತ್ತೆಂದು ಅವರ ಮನೆಯವರಿಂದ ತಿಳಿಯಬೇಕಾಯಿತು. ಆದ್ದರಿಂದ ಈಗ "ನೋವಿದೆಯೇ?" ಎಂದು ಕೇಳುವುದನ್ನೇ ಬಿಟ್ಟು "ಎಲ್ಲಿ ಎಳೆಯುತ್ತಿದೆ?" ಎಂದು ಕೇಳುತ್ತೇನೆ. ತೊಡೆಯ ನಡುಭಾಗ ತೋರಿಸಿದರೆ ಸರಿ. ಪೃಷ್ಠದ ಬುಡವನ್ನೋ ಮಂಡಿಯ ಹಿಂಭಾಗವನ್ನೋ ತೋರಿಸಿದರೆ ಹಿಂದೆ ತರಬೇಕು. ಮಾತಿಗಿಂತ ಮುಂಚೆ ಉಸಿರು ಉತ್ತರ ಕೊಟ್ಟಿರುತ್ತದೆ, ಅದನ್ನೂ ಗಮನಿಸಿ. ಮಳೆಗಾಲದ ಥಂಡಿಯಲ್ಲಿ ನಿಂತು ಮಾಡುವ ಚಲನೆಗಳಿಂದ ಮೈ ಬೆಚ್ಚಗಾಗುವವರೆಗೆ ಮುಂಬಾಗುವ ಆಸನಗಳಿಗೆ ಕೈಹಾಕಬೇಡಿ.

ಪ್ರಶ್ನೆ: ಪದ್ಮಾಸನದಲ್ಲಿ ಎಡ ಮಂಡಿ ಚುಚ್ಚುತ್ತದೆ. ಅಭ್ಯಾಸವಾದರೆ ಹೋಗುತ್ತದೆ ಎಂದು ನಮ್ಮ ಶಿಕ್ಷಕರು ಹೇಳುತ್ತಾರೆ. ಹೌದೇ?
– ಗೃಹಿಣಿ, ಸಾಗರ

ಉತ್ತರ: ಇಲ್ಲ. ಪದ್ಮಾಸನಕ್ಕೆ ತೊಡೆ ಹೊರಳಬೇಕಾದದ್ದು ಸೊಂಟದ ಕೀಲಿನಲ್ಲಿ. ಮಂಡಿಯ ಮುಖ್ಯ ಕೆಲಸ ಬಾಗಿಲಿನ ತಿರುಗಣಿಯಂತೆ ಮಡಚುವುದು, ಬಿಡಿಸುವುದು. ಸೊಂಟ ಹೊರಳದಿದ್ದಾಗ ಪಾದವನ್ನು ಎಳೆದು ತೊಡೆಯ ಮೇಲಿಟ್ಟರೆ ಆ ತಿರುಚು ಮಂಡಿಗೆ ಬರುತ್ತದೆ. ಸೊಂಟದ ಗೂಡಿನ ರಚನೆ ಒಬ್ಬರಿಂದ ಒಬ್ಬರಿಗೆ ಬೇರೆಯಾಗಿರುವುದರಿಂದ ಕೆಲವರಿಗೆ ಎಷ್ಟು ವರ್ಷ ಅಭ್ಯಾಸ ಮಾಡಿದರೂ ಪದ್ಮಾಸನ ಒಗ್ಗುವುದಿಲ್ಲ. ಸದ್ಯಕ್ಕೆ ಅದನ್ನು ಬಿಟ್ಟು, ಮಣೆಯ ಮೇಲೆ ಮಡಿಸಿದ ಕಂಬಳಿ ಹಾಕಿಕೊಂಡು ಸುಖಾಸನದಲ್ಲಿ ಕುಳಿತುಕೊಳ್ಳಿ. ಮಂಡಿಗಳು ಸೊಂಟಕ್ಕಿಂತ ಕೆಳಗಿರಲಿ. ಪ್ರಾಣಾಯಾಮಕ್ಕೆ ಅಷ್ಟು ಸಾಕು.